ಸುರಂಗ ಕೂಡಿದ ದಿನ

ಚಿತ್ರದುರ್ಗದ ಹೊರಗೆ ಗುಡ್ಡವೊಂದರಲ್ಲಿ ತಾಮ್ರದ ಗಣಿಯಿತ್ತು. ಎಪ್ಪತ್ತೆಂಟರಲ್ಲಿ ಅಲ್ಲಿ ಗುಡ್ಡದ ಎರಡೂ ಕಡೆಯಿಂದ ಸುರಂಗ ಕೊರೆಯುತ್ತಿದ್ದರು. ಆ ಎರಡು ಸುರಂಗಗಳೂ ನಡುವೆ ಒಂದಕ್ಕೊಂದು ಕೂಡಬೇಕು. ಹೊಸದುರ್ಗದ ಜಯಕ್ಕ ಗಣಿತದಲ್ಲಿ ಎಂ.ಎಸ್ಸಿ. ಮಾಡಿ ಆ ಗಣಿಯ ಆಫೀಸಿಗೆ ಸೇರಿದ್ದಳು. ಸರ್ವೆಯವರು ತಂದ ಅಳತೆಗಳಿಂದ, ನಾಳೆ ಯಾವ ದಿಕ್ಕಿಗೆ ಕೊರೆಯಬೇಕೆಂದು ಹೇಳುವುದು ಅವಳ ಕೆಲಸ.

ಲೆಕ್ಕವೆಲ್ಲ ಫೋರ್ಟ್ರಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ. ಅದರ ಒಂದೊಂದು ಸಾಲನ್ನೂ ಒಂದೊಂದು ಕಾರ್ಡಿನಲ್ಲಿ ತೂತುಗಳಾಗಿ ಹೊಡೆಸಿ, ಬಸ್ಸಿನಲ್ಲಿ ಬೆಂಗಳೂರಿನ ದೊಡ್ಡ ಯಂತ್ರಕ್ಕೆ ಕಳಿಸಬೇಕು. ಒಂದು ಸಲ ಒಂದೇ ಒಂದು ಅಲ್ಪವಿರಾಮ ತಪ್ಪಿ, ವಾರ ಕಾದ ಮೇಲೆ ಬರೀ ತಪ್ಪಿನ ಚೀಟಿ ವಾಪಸು ಬಂತು. ಕೊರೆಯುವ ಕೆಲಸ ನಿಂತಿತು.

ಆಫೀಸಿನ ಮೂಲೆಯಲ್ಲಿ ಟೈಪ್‌ರೈಟರಿಗಿಂತ ಸ್ವಲ್ಪ ದೊಡ್ಡದಾದ ಹೊಸ ಯಂತ್ರವೊಂದಿತ್ತು. ಅದಕ್ಕೆ ಗೊತ್ತಿದ್ದುದು ಬೇಸಿಕ್ ಎಂಬ ಪುಟ್ಟ ಭಾಷೆ ಮಾತ್ರ.

"ಇದ್ರಲ್ಲೇ ಮಾಡ್ತೀನಿ ಸಾರ್" ಎಂದಳು ಜಯಕ್ಕ.

ಚೀಫ್ ಇಂಜಿನಿಯರ್ ಈರಬಸಪ್ಪ ಒಪ್ಪಲಿಲ್ಲ. "ಅದು ಕಲಿಯೋ ಹುಡುಗ್ರಿಗೆ ಅಂತ ಮಾಡಿದ್ದು ಕಣಮ್ಮ. ಸುರಂಗ ಒಂದಕ್ಕೊಂದು ತಪ್ಪಿದ್ರೆ ಯಾರು ಹೊಣೆ?"

"ನಾನೇ ಸಾರ್. ಲೆಕ್ಕ ಸಣ್ಣದು, ಆದ್ರೆ ದಿನಾ ಬದಲಾಗ್ತೈತೆ. ಇಲ್ಲಿ ತಪ್ಪಾದ್ರೆ ಇಲ್ಲೇ ಗೊತ್ತಾಗುತ್ತೆ, ಇಲ್ಲೇ ತಿದ್ದಬಹುದು."

ಅವರು ಮೇಜಿನ ಮೇಲಿದ್ದ ತಪ್ಪಿನ ಚೀಟಿಯನ್ನು ಮಡಚಿಟ್ಟು, "ಮಾಡು" ಎಂದರು.

ಯಂತ್ರ ಕೊಟ್ಟ ಮೊದಲ ಉತ್ತರದ ಪ್ರಕಾರ ಸುರಂಗ ಗುಡ್ಡ ಬಿಟ್ಟು ಹಿರೇಗುಂಟನೂರಿನ ಕಡೆ ಹೊರಟಿತ್ತು! ಕೋನವನ್ನು ಅವಳು ಡಿಗ್ರಿಯಲ್ಲಿ ಕೊಟ್ಟಿದ್ದಳು, ಯಂತ್ರ ಅದನ್ನು ಕೋನದ ಇನ್ನೊಂದು ಅಳತೆಯಾದ ರೇಡಿಯನ್ ಎಂದುಕೊಂಡಿತ್ತು. ನಗು ಬಂತು. ಒಂದು ಸಾಲು ತಿದ್ದಿದಳು. ಟೀ ಆರುವುದರೊಳಗೆ ಸರಿಯಾದ ಉತ್ತರ ಬಂತು. ಅಂದಿನಿಂದ ಸಂಜೆ ಅಳತೆ ಬಂದರೆ ಬೆಳಿಗ್ಗೆಗೆ ದಿಕ್ಕು ಸಿದ್ಧ.

ಕೊನೆಯ ಬಂಡೆ ಸಿಡಿಸುವ ದಿನ ಬಂತು. ಹೆಂಗಸರು ಗಣಿಯೊಳಗೆ ಹೋಗುವಂತಿರಲಿಲ್ಲ. ಜಯಕ್ಕ ಸುರಂಗದ ದಕ್ಷಿಣದ ಬಾಯಲ್ಲಿ ನಿಂತಳು. ನೆಲ ನಡುಗಿತು. ಬಹಳ ಹೊತ್ತು ಸದ್ದೇ ಇಲ್ಲ. ಆಮೇಲೆ ಒಳಗಿನಿಂದ ಗಾಳಿ ಬೀಸಿತು, ಅದುವರೆಗೆ ಎಂದೂ ಬೀಸದಿದ್ದ ಗಾಳಿ. ಅದರ ಬೆನ್ನಿಗೇ ಸಿಳ್ಳೆ, ಕೂಗು. ಉತ್ತರದ ಬಾಯಿಂದ ಒಳಹೋಗಿದ್ದ ಮೇಸ್ತ್ರಿ ಗೊಲ್ಲಪ್ಪ ಮೈಯೆಲ್ಲ ಧೂಳಾಗಿ ಅವಳೆದುರಿಗೆ ಹೊರಬಂದ.

"ಕೂಡ್ತು ಜಯಕ್ಕಾರೆ! ಗೋಡೆಗೆ ಗೋಡೆ ಸರಿಯಾಗಿ ಕುಂತೈತೆ. ಗೇಣೂ ಆಚೀಚೆ ಇಲ್ಲ!"

ಜಯಕ್ಕ ನಗುತ್ತಲೇ ಕಣ್ಣೊರೆಸಿಕೊಂಡಳು.

ಈರಬಸಪ್ಪ ಪೇಡ ತರಿಸಿ ಮೊದಲು ಅವಳ ಕೈಗಿಟ್ಟರು. "ಇಡೀ ಗಣಿಯ ಅದಿರಿನ ಲೆಕ್ಕಾನೂ ಇದ್ರಲ್ಲೇ ಮಾಡಿಬಿಡಾಣ!"

"ಬ್ಯಾಡ ಸಾರ್. ಅಷ್ಟೊಂದು ಅಂಕಿ ತುಂಬಿದ್ರೆ ಇದಕ್ಕೆ ಉಸಿರು ಕಟ್ಟುತ್ತೆ. ಅದಕ್ಕೆ ಫೋರ್ಟ್ರಾನೇ ಸರಿ. ಕಾರ್ಡು ಬಸ್ಸಿಗೆ ಹಾಕಾಣ."

ಈರಬಸಪ್ಪ ಜೋರಾಗಿ ನಕ್ಕರು. "ಇನ್ಮೇಲೆ ಯಾವ್ದಕ್ಕೆ ಯಾವ್ದು ಅಂತ ನೀನೇ ಹೇಳಮ್ಮ."