ಸ್ವಲ್ಪ ಹುಷಾರಿಲ್ಲ

ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದ ರಾಮದಾಸರು ತಲೆಯೆತ್ತಿ, "ಪಾವನಾ ಎಲ್ಲಿದಾಳಂತೋ?" ಎಂದು ಅಣ್ಣನ ಮಗನನ್ನು ಕೇಳಿದರು.

"ರೈಲು ಈಗ ಬೆಂಗಳೂರು ಬಿಡ್ತಂತೆ ಚಿಕ್ಕಪ್ಪ," ಎಂದ ಸತ್ಯಾತ್ಮ.

"ಈಗ್ಲಾ? ನಿನ್ನೆ ಸಂಜೇನೇ ಫೋನ್ ಮಾಡಿದ್ಯಲ್ಲೋ!"

ಮೈಲಾಪೂರಿನ ಆ ಫ್ಲ್ಯಾಟಿನ ಹಾಲಿನಲ್ಲಿ, ಬಾಡಿಗೆಗೆ ತಂದ ಗಾಜಿನ ಫ್ರೀಜರ್ ಪೆಟ್ಟಿಗೆಯೊಳಗೆ ಸುಶಮೀಂದ್ರರು ಮಲಗಿದ್ದರು. ವಿಮಾ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮೈಸೂರಿನಿಂದ ಮಗಳು ಬಂದು ಮುಖ ನೋಡಲಿ ಎಂದು ಅಂಬುಜಮ್ಮ ಬೆಳಗಿನಿಂದ ಗಂಡನನ್ನು ಎತ್ತಗೊಟ್ಟಿರಲಿಲ್ಲ. ವ್ಯಾನಿನವನು ಬಾಗಿಲಿಗೆ ಬಂದು, "ಸಾರ್, ಟೈಮ್ ಆಚ್ಚು," ಎಂದು ತಮಿಳಿನಲ್ಲಿ ಅವಸರ ಮಾಡಿದ. ಸ್ಮಶಾನದಲ್ಲಿ ಕೊಟ್ಟ ಹೊತ್ತು ಮೀರಿದರೆ ಇನ್ನು ನಾಳೆಯೇ.

*

ಕಡ್ಡಿಯನ್ನು ಗುಡ್ಡ ಮಾಡುವವರು ಊರಿಗೆಲ್ಲ ಇದ್ದಾರೆ. ಸುಶಮೀಂದ್ರರು ಗುಡ್ಡವನ್ನು ಕಡ್ಡಿ ಮಾಡುವ ಜಾತಿ. ಬಸ್ಸಿನಿಂದ ಬಿದ್ದು ಮುಂಗೈ ಮುರಿದಾಗ, "ಸ್ವಲ್ಪ ಉಳುಕಿದೆ," ಎಂದು ಎಡಗೈಯಲ್ಲಿ ಊಟಕ್ಕೆ ಕೂತಿದ್ದರು. ಮಗ ಸತ್ಯಾತ್ಮ ತದ್ವಿರುದ್ಧ, ನೆಗಡಿಯಾದರೆ ನ್ಯುಮೋನಿಯಾ ಎನ್ನುವವನು. ಹಾಗಾಗಿ ಪಾವನಾ ಚಿಕ್ಕಂದಿನಲ್ಲೇ ಮನೆಯ ಲೆಕ್ಕ ಕಲಿತಿದ್ದಳು: ಅಪ್ಪ ಹೇಳಿದ್ದನ್ನು ಗುಣಿಸಬೇಕು, ಅಣ್ಣ ಹೇಳಿದ್ದನ್ನು ಭಾಗಿಸಬೇಕು.

ನಿನ್ನೆ ಸಂಜೆ ಸತ್ಯಾತ್ಮ ಫೋನ್ ಎತ್ತಿಕೊಂಡಾಗ ರಾಮದಾಸರು ತಡೆದಿದ್ದರು. "ಹೋಗ್ಬಿಟ್ರು ಅಂತ ಫೋನಲ್ಲಿ ಹೇಳ್ಬಾರ್ದು ಕಣೋ. ಒಬ್ಳೇ ಬರೋಳು. ಸ್ವಲ್ಪ ಹುಷಾರಿಲ್ಲ, ಹೊರಟು ಬಾ ಅನ್ನು."

ಎಲ್ಲರ ಮನೆಯಲ್ಲೂ ಹೀಗೇ ಹೇಳುತ್ತಾರೆ. ಕೇಳಿದವರಿಗೆ ಎದೆ ಧಸಕ್ಕೆನ್ನುತ್ತದೆ. ಸತ್ಯಾತ್ಮ ಹಾಗೇ ಹೇಳಿದ. ಜನ್ಮದಲ್ಲಿ ಮೊದಲ ಸಲ ಅಪ್ಪನಂತೆ ಮಾತಾಡಿದ. ಪಾವನಾ ಎಂದಿನಂತೆ ಭಾಗಿಸಿದಳು. ನಾಳೆ ಮಧ್ಯಾಹ್ನದ ಹೊತ್ತಿಗೆ ಹೊರಟರಾಯಿತು ಎಂದುಕೊಂಡಳು.

*

"ಇನ್ನು ಕಾಯಕ್ಕಾಗಲ್ಲ ಅತ್ತಿಗೆ," ಎಂದರು ರಾಮದಾಸರು. ಮೈದುನನ ದನಿಯೂ ಸೋತಿತ್ತು.

ಅಂಬುಜಮ್ಮ ಪೆಟ್ಟಿಗೆಯ ಮೇಲೆ ಕೈಯಿಟ್ಟರು. "ಅವಳಿಗೆ ಹೇಳ್ದೆ ಎತ್ತಕ್ಕೆ ಬಿಡಲ್ಲ. ಸತ್ಯಾ, ಫೋನ್ ಮಾಡು. ಇದ್ದದ್ದು ಇದ್ದ ಹಾಗೆ ಹೇಳ್ಬಿಡು."

ಸತ್ಯಾತ್ಮ ಸ್ಪೀಕರ್ ಹಾಕಿದ. ರೈಲಿನ ಸದ್ದಿನ ಜೊತೆ ತಂಗಿಯ ದನಿ ಬಂತು.

"ಪಾವನಾ, ಅಪ್ಪಂಗೆ..." ಅಳು ಉಕ್ಕಿ ಬಂತು.

"ಅಯ್ಯೋ, ಅಷ್ಟಕ್ಕೇ ಅಳ್ತಿದ್ಯೇನೋ? ಶುರು ಮಾಡಿದ್ಯಾ ನಿನ್ನ ಪುರಾಣ? ನೀನು ಹೇಳೋದೇ ಬೇಡ. ಅಪ್ಪಂಗೆ ಕೊಡು."

ಜೀವಮಾನವೆಲ್ಲ ಬೇಕಾದ್ದಕ್ಕಿಂತ ಹೆಚ್ಚು ಹೇಳಿದ ಸತ್ಯಾತ್ಮನಿಗೆ ಈಗ ಒಂದು ಮಾತು ಸಿಗಲಿಲ್ಲ. ಅವನು ಹೋಗಿ ಫೋನನ್ನು ಪೆಟ್ಟಿಗೆಯ ಗಾಜಿನ ಮೇಲೆ, ಅಪ್ಪನ ಮುಖದ ನೇರಕ್ಕೆ ಇಟ್ಟ. ಅಂಬುಜಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಅಪ್ಪಾ, ಹೇಗಿದೀಯ? ಇವನು ಸುಮ್ನೆ ಹೆದರಿಸ್ತಿದಾನೆ."

ಪೆಟ್ಟಿಗೆಯ ಮೋಟಾರು ಗುಂಯ್‌ಗುಡುತ್ತಿತ್ತು.

"ಅಪ್ಪಾ? ಪರವಾಗಿಲ್ಲ ಅಂತಾದ್ರೂ ಅನ್ನಪ್ಪಾ."

ಆ ಕಡೆಯ ದನಿ ನಿಂತುಹೋಯಿತು. ಗಾಜಿನ ಮೇಲಿನ ಫೋನಿನಲ್ಲಿ ರೈಲು ಓಡುತ್ತಲೇ ಇತ್ತು. ಅದರ ಕೆಳಗೆ, ಗೇಣು ದೂರದಲ್ಲಿ, ಸುಶಮೀಂದ್ರರ ಮೂಗಿನಲ್ಲಿ ಬಿಳಿಯ ಹತ್ತಿ.