ಗೋಟುಬೆಡ್ ಹೆಸರಿಗೆ ವಾರಸುದಾರ

ಇಂಗ್ಲೆಂಡಿನ ಈಲಿ ಪಟ್ಟಣದ ಪಕ್ಕದ ನಮ್ಮ ಹಳ್ಳಿಯ ಇತಿಹಾಸದಲ್ಲಿ ದಾಖಲಾಗಲೇಬೇಕಾದ ಘಟನೆಯೊಂದು ಮಾರ್ಚ್ ತಿಂಗಳ ಒಂದು ಮಂಗಳವಾರ ನಡೆಯಿತು: ರೈಲ್ವೆ ಗುಮಾಸ್ತ ಲೆನರ್ಡ್ ಪೆಕ್ ವಕೀಲರ ಮುಂದೆ ಸಹಿ ಹಾಕಿ ತನ್ನ ಮನೆತನದ ಹೆಸರನ್ನು ಬದಲಾಯಿಸಿಕೊಂಡ.

ಹೊಸ ಹೆಸರು ಗೋಟುಬೆಡ್. ಹೌದು, ‘ಹೋಗಿ ಮಲಗು’ ಎಂದೇ. ಈ ಜೌಗು ಸೀಮೆಯಲ್ಲಿ ಶತಮಾನಗಳಿಂದ ಇರುವ ಹೆಸರು. ಮೂಲಪುರುಷ ಬರೀ ಸೋಮಾರಿಯೋ, ಹಾಸಿಗೆ ಮಾಡುವವನೋ ಎಂದು ಬಲ್ಲವರು ಇನ್ನೂ ಜಗಳವಾಡುತ್ತಾರೆ. ಅದನ್ನು ಹೊತ್ತ ಕೊನೆಯ ಗಂಡಸು ಲೆನರ್ಡನ ಸೋದರಮಾವ ಆಂಬ್ರೋಸ್. ಮದುವೆಯಾಗದವನು; ನದಿದಂಡೆಯಲ್ಲಿ ಸ್ವಂತ ಮನೆ.

“ಈ ಹೆಸರು ನನ್ನ ಜೊತೆಗೇ ಮಣ್ಣಾಗಬಾರದು ಕಣೋ. ನೀನು ಇಟ್ಕೋ, ಮನೆ ನಿನ್ನದೇ. ಆದ್ರೆ ನೆಂಟರ ಹತ್ರ ಬಾಯಿ ಬಿಡಬೇಡ” ಎಂದಿದ್ದ ಮುದುಕ.

“ನಾಳೆಯಿಂದ ಮೀನಂಗಡಿಯವನು ನನ್ನನ್ನ ಮಿಸೆಸ್ ಹೋಗಿಮಲಗು ಅಂತಾನೆ. ಮನೆ ಖಾತ್ರೀನಾ?” ಎಂದು ಕೇಳಿದಳು ಲೆನರ್ಡನ ಹೆಂಡತಿ ವಿನಿಫ್ರೆಡ್. ಅವರದು ಬಾಡಿಗೆಯ ಎರಡು ಕೋಣೆ.

“ಮಾವ ಕೈ ಹಿಡಿದು ಹೇಳಿದಾನೆ ಕಣೇ.”

ಒಂಬತ್ತು ವರ್ಷ ಸ್ಟೇಷನ್ನಿನಲ್ಲಿ ಅದೇ ತಮಾಷೆ. “ಇನ್ನೂ ಇಲ್ಲೇ ಇದೀಯೇನಯ್ಯಾ? ಹೊರಡು ಅಂತ ನಿನ್ನ ಹೆಸರೇ ಹೇಳ್ತಿದೆಯಲ್ಲ!” ಲೆನರ್ಡ್ ನಕ್ಕುಬಿಡುತ್ತಿದ್ದ. ಭಾನುವಾರಗಳಲ್ಲಿ ಮಾವನ ಮನೆಯ ಹೆಂಚು ಸರಿಪಡಿಸುತ್ತಿದ್ದ, ಕಿಟಕಿಗಳಿಗೆ ಬಣ್ಣ ಬಳಿಯುತ್ತಿದ್ದ. ಬಣ್ಣವನ್ನು ವಿನಿಫ್ರೆಡ್ಡೇ ಆರಿಸಿದ್ದಳು.

ಆಂಬ್ರೋಸ್ ಸತ್ತ. ಚರ್ಚಿನಲ್ಲಿ ಪಾದ್ರಿಗಳು, “ಗೋಟುಬೆಡ್ ಅವರು ಶವಪೆಟ್ಟಿಗೆಯ ಹಿಂದೆ ಮೊದಲು ಬರಬೇಕು” ಎಂದರು. ಇಬ್ಬರು ಎದ್ದು ನಿಂತರು.

ಎರಡನೆಯವನು ನಾರ್ವಿಚ್ಚಿನಲ್ಲಿರುವ ಲೆನರ್ಡನ ದೊಡ್ಡಮ್ಮನ ಮಗ, ಸಿರಿಲ್ ಮಾಟ್.

“ನೀನ್ಯಾಕೋ ಎದ್ದೆ?” ಲೆನರ್ಡ್ ಪಿಸುಗುಟ್ಟಿದ.

“ನಾನೂ ಗೋಟುಬೆಡ್ಡೇ. ಏಳು ವರ್ಷ ಆಯ್ತು. ಯಾರಿಗೂ ಹೇಳಬೇಡ ಅಂದಿದ್ದ ಮಾವ.”

“ಮನೆ ಕೊಡ್ತೀನಿ ಅಂದಿದ್ನಾ?”

“ಕೈ ಹಿಡಿದು.”

ಇಬ್ಬರೂ ಜೊತೆಯಾಗಿ ಪೆಟ್ಟಿಗೆಯ ಹಿಂದೆ ನಡೆದರು. ಒಂಬತ್ತು ವರ್ಷದ ಗೇಲಿ ಲೆನರ್ಡನಿಗೆ ನಾಟಿರಲಿಲ್ಲ. ಮಾವ ತನ್ನೊಬ್ಬನನ್ನೇ ನೆಚ್ಚಿಕೊಂಡಿದ್ದಾನೆ ಎಂಬ ಹೆಮ್ಮೆ ಅದನ್ನು ತಡೆದಿತ್ತು. ಈಗ ಒಂದೊಂದೂ ನಾಟಿತು.

ಮಧ್ಯಾಹ್ನ ವಕೀಲರು ಉಯಿಲು ಓದಿದರು. ಹೆಸರು ಹೊರಲು ಇಬ್ಬರು ಸೋದರಳಿಯಂದಿರು ಸಿಕ್ಕಿದ್ದಾರೆ, ಇನ್ನು ಅದು ಚರ್ಚಿನ ಗೋಡೆಯ ಕಲ್ಲಿನಲ್ಲೂ ಉಳಿಯಲಿ. ಆ ಕೆತ್ತನೆಗಾಗಿ ಮನೆ ಚರ್ಚಿಗೆ ಸೇರತಕ್ಕದ್ದು.

“ಹೆಸರು ಕೊಟ್ಟು ನಾಮ ಹಾಕಿದ ನಿಮ್ಮ ಮಾವ” ಎಂದಳು ವಿನಿಫ್ರೆಡ್, ಕೈಗವಸು ತೊಡುತ್ತ. “ಒಂದಲ್ಲ, ಜೋಡಿ ನಾಮ.”

ಚರ್ಚಿನವರು ಸೆಪ್ಟೆಂಬರಿನಲ್ಲಿ ಮನೆಯನ್ನು ಕೇಂಬ್ರಿಜ್ಜಿನ ದಂತವೈದ್ಯರೊಬ್ಬರಿಗೆ ಮಾರಿದರು.