ಅಂಕಿಯಲ್ಲಿ ತೆಗೆದ ಮುಖ

ಆಮೀನಾ ಚಿತ್ರ ತೆಗೆಯುತ್ತಿದ್ದದ್ದು ಕುಂಚದಿಂದಲ್ಲ, ಕಂಪ್ಯೂಟರಿನಲ್ಲಿ ಕೋಡ್ ಬರೆದು. ಗೆರೆ ಎಲ್ಲಿಂದ ಎಲ್ಲಿಗೆ, ಎಷ್ಟು ಬಾಗಬೇಕು ಎಂದು ಅಂಕಿ ಕೊಟ್ಟರೆ ಪರದೆಯ ಮೇಲೆ ಕಣ್ಣು, ಮೂಗು ಮೂಡುತ್ತಿದ್ದವು. ಶಹಾಪುರದ ಬೀಜದಂಗಡಿಯವರು ಬೋರ್ಡಿಗೆ ಭತ್ತ ನಾಟಿ ಮಾಡುವ ಹೆಂಗಸಿನ ಮುಖ ಕೇಳಿದಾಗ ಅವಳಿಗೆ ನೆನಪಾದದ್ದು ಗೊಲ್ಲಾಳಮ್ಮ. ಗಂಡನ ಏಟು ತಾಳದೆ ಮನೆ ಬಿಟ್ಟ ಅವಳು ಸುರಪುರದಲ್ಲಿ ಆಮೀನಾಳ ಖಾಲಾ, ಅಂದರೆ ಚಿಕ್ಕಮ್ಮ, ಹುಸೇನಬೀ ಮನೆಯಲ್ಲಿ ಅಡಗಿದ್ದಳು. ಅಂಕಿಯ ಮುಖವನ್ನು ಯಾರು ಗುರುತು ಹಿಡಿದಾರು ಎಂದುಕೊಂಡು ಆಮೀನಾ ಅವಳ ಮುಖವನ್ನೇ ತೆಗೆದು, ಗದ್ದದ ಮೂರು ಹಚ್ಚೆ ಚುಕ್ಕಿಗಳನ್ನೂ ಇಟ್ಟಳು.

ಬೋರ್ಡು ಬಸ್‌ಸ್ಟ್ಯಾಂಡಿನೆದುರು ನಿಂತ ಮೂರನೆಯ ದಿನ ಆ ಗಂಡ, ಗೋಗಿಯ ಈಶಪ್ಪ, ಬೀಜದಂಗಡಿಯಲ್ಲಿ ವಿಚಾರಿಸಿಕೊಂಡು ಬಂದು ಆಮೀನಾ ಕೆಲಸ ಮಾಡುವ ಪ್ರಿಂಟ್ ಅಂಗಡಿಯ ಬಾಗಿಲಿಗೆ ಅಡ್ಡ ನಿಂತ. ಕಾಲಲ್ಲಿ ಕಾಲುವೆ ಗದ್ದೆಯ ಹಸಿ ಕೆಸರು. ಮಾಲೀಕ ಮನ್ಸೂರಅಲಿ ನಮಾಜಿಗೆ ಹೋಗಿದ್ದ.

“ನನ್ನ ಹೇಣ್ತಿನ್ನ ಎಲ್ಲಿ ನೋಡೀದಿ?”

“ಅದು ಯಾರ ಮಾರಿನೂ ಅಲ್ಲರಿ ಅಣ್ಣಾರ. ಅಂಕಿ ಬರದರ ಬರ್ತದ.”

ಅವಳು ಒಂದು ಅಂಕಿ ಬದಲಿಸಿ ಮೂಗು ಅಗಲ ಮಾಡಿ ತೋರಿಸಿದಳು. ಈಶಪ್ಪ ಸ್ಟೂಲು ಎಳೆದುಕೊಂಡು ಪಕ್ಕದಲ್ಲೇ ಕೂತ. ಹಂಗಾದರೆ ತಾನು ಹೇಳಿದಂತೆ ತಿದ್ದಬೇಕು, ಹೆಂಡತಿಯದೇ ಮುಖ ಬರಬೇಕು, ಊರೂರಿಗೆ ತೋರಿಸಿ ಹುಡುಕುತ್ತೇನೆ ಎಂದ.

ಒಲ್ಲೆನೆಂದರೆ ಇವನಿಗೆ ಸಂಶಯ. ಸರಿಯಾಗಿ ತೆಗೆದರೆ ಗೊಲ್ಲಾಳಮ್ಮ ಸಿಕ್ಕಿಬಿದ್ದಂತೆಯೇ. ಮೂಗು ಹೇಗಿತ್ತು ಎಂದು ಆಮೀನಾ ಕೇಳಿದಳು.

“ಮೂಗು ಮೂಗಿನಂಗೇ ಇತ್ತು. ನೀನೇ ಹಾಕು. ಗದ್ದದ ಮ್ಯಾಲಿನ ಮೂರು ಚುಕ್ಕಿ ಮಾತ್ರ ಅಳಿಸಬ್ಯಾಡ.”

ಅವಳು ದುಂಡು ಮುಖವನ್ನು ಉದ್ದ ಮಾಡಿದಳು. ಹುಬ್ಬು ತೆಳ್ಳಗಾಯಿತು, ಕಣ್ಣು ಕಿರಿದಾದವು. ಒಂದೊಂದು ಅಂಕಿ ಒತ್ತುವಾಗಲೂ ಈಗ ಹಿಡಿದ, ಈಗ ಹಿಡಿದ ಎಂದುಕೊಳ್ಳುತ್ತಿದ್ದಳು. ಈಶಪ್ಪ ಪರದೆಗೆ ಬಾಗಿ ಬಹಳ ಹೊತ್ತು ನೋಡಿದ.

“ಇಕಿನೇ. ಕಣ್ಣಿಗಿ ಕಟ್ಟಿದಂಗ ಅದಾಳ. ಇಪ್ಪತ್ತು ಪ್ರಿಂಟ್ ತೆಗಿ.”

ಹದಿನಾಲ್ಕು ವರ್ಷ ಅವಳ ಕೈಯಡುಗೆ ಉಂಡವನು ಅವಳ ಮುಖವನ್ನೇ ನೋಡಿರಲಿಲ್ಲ. ಹಾಳೆಗಳನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಸುರಪುರದ ಬಸ್ಸಿನ ಕಡೆಗೆ ನಡೆದ.

ಆಮೀನಾ ಖಾಲಾಗೆ ಫೋನು ಹಚ್ಚಿ, ಗೊಲ್ಲಾಳಮ್ಮನನ್ನು ಹೊರಗೆ ಬಿಡಬೇಡವೆಂದು ಹೇಳಿದಳು. ಬೀಜದಂಗಡಿಯ ಬೋರ್ಡನ್ನು ಸಂಜೆಯೊಳಗೆ ಇಳಿಸಬಹುದು. ಆದರೆ ಗದ್ದಕ್ಕೆ ಮೂರು ಚುಕ್ಕಿಯಿರುವ, ಉದ್ದ ಮುಖದ ಹೆಂಗಸು ಯಾವುದೋ ಊರಿನ ಗದ್ದೆಯಲ್ಲಿ ಈಗ ನಿಜವಾಗಿಯೂ ನಾಟಿ ಮಾಡುತ್ತಿದ್ದರೆ?